ಹಿಂದಿನ ಸೀಟಿನ ಕಿಟಕಿ

"ಇದೊಂದಕ್ಕೆ ಮಾತ್ರ ಟೇಪ್ ಯಾಕೆ ಹಚ್ಚಿಲ್ಲ, ಅಣ್ಣ?"

ಔಷಧಿ ಅಂಗಡಿಯ ಹೆಂಗಸು ವ್ಯಾನಿನೊಳಗೆ ಬಗ್ಗಿಕೊಂಡೇ ಕೊನೆಯ ಸಾಲಿನ ತನಕ ಹೋಗಿ, ಕಿಟಕಿ ಪಕ್ಕದ ಸೀಟನ್ನು ತೋರಿಸಿ ಕೇಳಿದಳು. ವ್ಯಾನಿನವನು ಬಾಗಿಲ ಬಳಿ ನಿಂತಿದ್ದ. ಬೆಳಗಿನಿಂದ ಕೂತು ಟೇಪ್ ಅಂಟಿಸಿದವನು ಅವನೇ. ಮುಂದಿನ ಸಾಲು ಕೆಂಪು, ನಡುವಿನದು ಹಳದಿ, ಹಿಂದಿನದು ನೀಲಿ, ತರಗತಿಗೊಂದು ಬಣ್ಣ. ಒಂದು ಸೀಟು ಬಿಟ್ಟುಹೋದದ್ದು ಅವನಿಗೂ ಈಗಲೇ ಕಂಡದ್ದು.

ಸೋಂಕಿನ ಕಾಲದಲ್ಲಿ ಮುಚ್ಚಿದ್ದ ಶಾಲೆ ನಾಳೆ ತೆರೆಯುವುದಿತ್ತು. ಒಂದೊಂದು ತರಗತಿಯೂ ಒಂದೊಂದು ಗುಂಪು. ಆ ಗುಂಪಿನ ಮಕ್ಕಳು ತಮ್ಮತಮ್ಮಲ್ಲೇ ಕೂರಬೇಕು, ಆಡಬೇಕು. ಬೇರೆ ಗುಂಪಿನ ಹತ್ತಿರ ಸುಳಿಯಬಾರದು. ಯಾರಿಗಾದರೂ ಕಾಯಿಲೆ ಬಂದರೆ ಆ ಗುಂಪೊಂದೇ ಮನೆಗೆ. ಮುಖ್ಯೋಪಾಧ್ಯಾಯಿನಿ ಅದನ್ನು ಬಬಲ್ ಎಂದು ಕರೆದಿದ್ದರು. ಶಾಲೆಯೊಳಗೆ ಅದೇನೋ ನಡೆದೀತು, ವ್ಯಾನಿನಲ್ಲಿ ಹೇಗೆ ಎಂದು ನೋಡಿಹೋಗಲು ಸಂಜೆ ತಂದೆತಾಯಿಗಳು ಗೇಟಿನ ಬಳಿ ಸೇರಿದ್ದರು.

"ನಮ್ಮ ಮನೇಲಿ ಮೂರು ಮೊಮ್ಮಕ್ಕಳು, ಮೂರು ಬಬಲ್ಲು" ಎಂದ ಒಬ್ಬ ಮುದುಕ. "ರಾತ್ರಿಯಾದ್ರೆ ಮೂರೂ ಒಂದೇ ಹೊದಿಕೆಗೆ ಕಿತ್ತಾಡ್ತವೆ. ಅದಕ್ಕೆ ಯಾವ ಬಣ್ಣ ಹಚ್ತೀಯಪ್ಪ?"

ಎಲ್ಲರೂ ನಕ್ಕರು. ಔಷಧಿ ಅಂಗಡಿಯವಳು ನಗಲಿಲ್ಲ. ಅವಳ ಮಗನಿಗೆ ಉಬ್ಬಸ.

"ಕಿಟಕಿ ತೆಗೆದೇ ಇರಬೇಕು ಅಂದಿದ್ದಾರೆ. ನಿಮ್ಮ ಗಾಡೀಲಿ ಹಂಪ್ ಬಂದ್ರೆ ಸಾಕು, ಗಾಜೆಲ್ಲ ತಾನೇ ಜಾರಿ ಮುಚ್ಕೊಳ್ಳುತ್ತೆ ಅಂತಾನೆ ನನ್ನ ಮಗ."

"ಹಳೇ ಗಾಡಿ ಅಕ್ಕ. ಏನಾದ್ರೂ ಮಾಡ್ತೀನಿ."

"ನಿಮ್ಮ ಮಗಳು ಬರ್ತಾಳಾ?" ಎಂದಳು ಅವಳು, ಕೆಳಗಿಳಿಯುತ್ತ. "ಅವಳು ಬಂದ್ರೆ ನನ್ನ ಮಗನೂ ಬರ್ತಾನೆ. ಎಲ್ಲ ಅನುಭವಿಸಿದ ನೀವೇ ಕಳಿಸದಿದ್ರೆ, ನಾನು ಯಾವ ಧೈರ್ಯದ ಮೇಲೆ ಕಳಿಸ್ಲಿ?"

ಉಳಿದವರೂ ಅವನ ಮುಖ ನೋಡಿದರು.

"ಬರ್ತಾಳೆ. ಅದೇ ಅವಳ ಸೀಟು" ಎಂದುಬಿಟ್ಟ.

ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ನಡೆದದ್ದನ್ನು ಹೇಳಿದ. ಅವಳ ಕೈ ನಿಂತಿತು.

"ನನ್ನನ್ನ ಒಂದು ಮಾತು ಕೇಳದೆ ಹೇಗ್ರೀ ಹೇಳಿದ್ರಿ?"

"ಬಾಯಿಗೆ ಬಂದುಬಿಡ್ತು."

"ಹಾಗಾದ್ರೆ ಆ ಬಾಯಿಂದಲೇ ನಾಳೆ ಅವರಿಗೆ ನಿಜ ಹೇಳಿ, ಅವಳು ಬರಲ್ಲ ಅಂತ. ಅತ್ತೆ ಆಸ್ಪತ್ರೇಲಿದ್ದಾಗ ಹೊರಗೆ ಬಾಗಿಲಲ್ಲಿ ನಿಂತವಳು ನಾನು. ಇನ್ನೊಂದು ಸಲ ನಿಲ್ಲೋಕೆ ನನ್ನ ಕೈಲಾಗಲ್ಲ."

ಅವನ ತಾಯಿಯನ್ನು ಒಯ್ದ ಕಾಯಿಲೆ ಮನೆಗೆ ಯಾರಿಂದ ಬಂತೆಂದು ಕೊನೆಗೂ ತಿಳಿಯಲಿಲ್ಲ. ಆ ದಿನಗಳಲ್ಲಿ ಅವನು ಬೆಳಿಗ್ಗೆ ಸಂಜೆ ವ್ಯಾನಿನಲ್ಲಿ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುತ್ತಿದ್ದ. ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಮಗಳು ತಲೆಯೆತ್ತಿದಳು.

"ಅಮ್ಮ, ನನ್ನ ಕಿಟಕಿ ಮುಚ್ಕೊಳ್ಳಲ್ಲ. ಅಜ್ಜಿ ಬಟ್ಟೆ ಸಿಗಿಸಿದ್ದಾಳೆ."

ಶಾಲೆ ಮುಚ್ಚಿದ ಮೇಲೆ ಅವಳ ಪಾಠವೆಲ್ಲ ಫೋನಿನಲ್ಲಿ. ಮನೆಯೊಳಗೆ ಸಿಗ್ನಲ್ ಸಿಗದೆ, ಬಾಗಿಲ ಮುಂದೆ ನಿಂತಿರುತ್ತಿದ್ದ ವ್ಯಾನಿನ ಹಿಂದಿನ ಸೀಟೇ ಅವಳ ತರಗತಿಯಾಗಿತ್ತು. ಒಂಟಿಯಾಗಿ ಕೂರಬಾರದೆಂದು ಅಜ್ಜಿಯೂ ಹೋಗಿ ಕಿಟಕಿ ಪಕ್ಕ ಕೂರುತ್ತಿದ್ದಳು. ಪಾಠ ಮುಗಿಯುವವರೆಗೂ ತುಟಿ ಅಲುಗಿಸುತ್ತ ದೇವರ ಹೆಸರು ಹೇಳುವಳು. ಮೊಮ್ಮಗಳು ಮಗ್ಗಿ ತಪ್ಪಿದರೆ ದೇವರನ್ನು ಅಲ್ಲೇ ನಿಲ್ಲಿಸಿ, ತಿದ್ದಿ, ಮತ್ತೆ ಮುಂದುವರಿಸುವಳು.

ಹೆಂಡತಿ ಎದ್ದು ಹೊರಗೆ ಹೋದಳು. ಬೆಳಕು ಇನ್ನೂ ಇತ್ತು. ವ್ಯಾನು ಹತ್ತಿ ಹಿಂದಿನ ಸಾಲಿಗೆ ಹೋಗಿ, ಕಿಟಕಿಯ ಗಾಜನ್ನು ಎಳೆದು ನೋಡಿದಳು. ಅದು ಕದಲಲಿಲ್ಲ. ಗಾಜು ಜಾರುವ ಸಂದಿನಲ್ಲಿ ಮಡಚಿದ ಬಟ್ಟೆಯ ಚೂರೊಂದು ಬಿಗಿಯಾಗಿ ಕೂತಿತ್ತು. ಅವಳು ಆ ಸೀಟಿನಲ್ಲಿ ಕತ್ತಲಾಗುವ ತನಕ ಕುಳಿತಳು. ಒಳಗೆ ಬಂದು ಅಡುಗೆ ಮಾಡಿದಳು.

ಬೆಳಿಗ್ಗೆ ಅವನು ಔಷಧಿ ಅಂಗಡಿಯವಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೊರಗೆ ಬಂದ. ವ್ಯಾನಿನೊಳಗೆ ಬಟ್ಟೆ ಹರಿಯುವ ಸದ್ದು ಕೇಳಿಸಿತು.

ಹೆಂಡತಿಯ ತೊಡೆಯ ಮೇಲೆ ಅವನ ತಾಯಿಯ ಹೊದಿಕೆ ಇತ್ತು. ಸಣ್ಣ ಹೂಗಳ, ತೆಳುವಾದ ಹತ್ತಿಯ ಹೊದಿಕೆ. ಅದನ್ನು ಒಗೆದು ಕಪಾಟಿನ ತಳದಲ್ಲಿಟ್ಟ ಮೇಲೆ ಅವಳು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಈಗ ಹಲ್ಲಿನಿಂದ ಅಂಚು ಕಚ್ಚಿ, ಪರ್ರನೆ ಹರಿದು, ಚೂರುಗಳನ್ನು ದಪ್ಪಗೆ ಮಡಚಿ ಒಂದೊಂದೇ ಕಿಟಕಿಗೆ ಒತ್ತಿ ಸಿಗಿಸುತ್ತಿದ್ದಳು.

"ಟೇಪ್ ಎಲ್ಲಿಟ್ಟಿದ್ದೀರಿ?" ತಿರುಗಿ ನೋಡದೆ ಕೇಳಿದಳು. "ನೀಲಿದು ಕೊಡಿ."

ಅವನು ಕೊಟ್ಟ. ಅವಳು ಬಿಟ್ಟುಹೋಗಿದ್ದ ಸೀಟಿಗೆ ಟೇಪ್ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದಳು.

"ಯಾವ ಮಗುವಾದ್ರೂ ಸರಿ, ಕೆಮ್ಮಿದ ಸುದ್ದಿ ಕಿವಿಗೆ ಬಿದ್ರೆ ಇವಳನ್ನ ವಾಪಸ್ ಕರ್ಕೊಂಡ್ಬನ್ನಿ."

"ಹೂಂ."

"ಹೂಂ ಅಂದ್ರೆ ಸಾಲದು. ಕರ್ಕೊಂಡ್ಬರ್ಬೇಕು."

ಮಗಳು ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಹೋದ ವರ್ಷದ ಸಮವಸ್ತ್ರ ಮೊಣಕಾಲಿನಿಂದ ಮೇಲೇರಿತ್ತು. ತಾಯಿ ಅವಳ ಮಾಸ್ಕನ್ನು ಮೂಗಿನ ಮೇಲಕ್ಕೆ ಸರಿಸಿ, ಇನ್ನೊಮ್ಮೆ ಸರಿಸಿ, ಕೈ ಬಿಟ್ಟಳು.

ಔಷಧಿ ಅಂಗಡಿಯವಳು ಮಗನ ಕೈ ಹಿಡಿದು ರಸ್ತೆಬದಿಯಲ್ಲೇ ಕಾಯುತ್ತಿದ್ದಳು. ವ್ಯಾನು ನಿಂತ ಕೂಡಲೆ ಹಿಂದಿನ ಸೀಟಿನತ್ತ ನೋಡಿದಳು. ಆಮೇಲೆ ಹತ್ತಿರದ ಕಿಟಕಿಯ ಗಾಜನ್ನು ತಾನೇ ತಳ್ಳಿದಳು, ಅದು ಅಲುಗಲಿಲ್ಲ. ಹೂವಿನ ಬಟ್ಟೆಯ ತುದಿಯನ್ನು ಮುಟ್ಟಿ ನೋಡಿ, ಮಗನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಹತ್ತಿಸಿದಳು.

ಶಾಲೆಯ ರಸ್ತೆಯಲ್ಲಿ ದೊಡ್ಡ ಹಂಪ್ ಬಂತು. ಅವನು ನಿಧಾನಿಸಿ, ಗಾಜುಗಳು ಜಾರಿ ಬಡಿಯುವ ಸದ್ದಿಗೆ ಕಿವಿಗೊಟ್ಟ. ವ್ಯಾನು ಎದ್ದು ಕುಕ್ಕಿ ಮುಂದೆ ಹೋಯಿತು, ಒಂದು ಗಾಜೂ ಜಾರಲಿಲ್ಲ. ಕನ್ನಡಿಯಲ್ಲಿ ಮಗಳು ಮುಖವನ್ನು ಗಾಳಿಗೆ ಕೊಟ್ಟು ಕೂತಿದ್ದಳು. ಮಗ್ಗಿಯೋ ದೇವರ ಹೆಸರೋ, ತುಟಿಯ ಜೊತೆ ಮಾಸ್ಕೂ ಅಲುಗುತ್ತಿತ್ತು.