ಸತ್ತ ಮರಿಯ ತೊಗಲು

ಎಪ್ಪತ್ತೆಂಟನೆಯ ಇಸವಿಯ ಮಾತು. ತಲೆನೋವು, ಜ್ವರ ಎಂದು ರಾಮಥಾಳದಿಂದ ಬಾಗಲಕೋಟೆಯ ದವಾಖಾನೆಗೆ ಬಂದ ಕುರಿಗಾರ ಮಾಳಪ್ಪ, ಹೆಂಡತಿ ರಂಗವ್ವನ ಗುರುತನ್ನೇ ಮರೆತ. "ಯಾರವ್ವ ನೀ?" ಎಂದು ಅವನು ಕೇಳಿದಾಗ ರಂಗವ್ವ ಓಡಿಹೋಗಿ ಡಾಕ್ಟರನ್ನು ಕರೆತಂದಳು.

"ಬೆನ್ನಿಗೆ ಸೂಜಿ ಚುಚ್ಚಿ ನೀರು ತಗದ್ರಲ್ಲ, ಅದಕ್ಕ ಹಿಂಗಾತು," ಎಂದು ಅತ್ತೆ ಸತ್ಯವ್ವ ಮಂಚಕ್ಕೆ ಅಡ್ಡ ಕೂತಳು. "ಇನ್ನೊಮ್ಮಿ ಚುಚ್ಚಾಕ ನಾ ಬಿಡೂದಿಲ್ಲ. ಬೀರಪ್ಪ ದೇವರ ಭಂಡಾರ ಹಣೀಗೆ ಹಚ್ಚೇನಿ, ಸಾಕು."

ಮುದುಕಿಯ ಹಟ ಊರಿಗೇ ಗೊತ್ತು. ಅವಳನ್ನು ಎಬ್ಬಿಸಲು ಬೀರಪ್ಪನೇ ಇಳಿದು ಬರಬೇಕು.

ಡಾಕ್ಟರ್ ಕಾಶಪ್ಪ ಬೆವರು ಒರೆಸಿಕೊಂಡರು. "ಯವ್ವ, ವೈರಿ ಹೊಕ್ಕಿದ್ರ ಬಿಳಿ ರಕ್ತಕಣ ಗುಂಪುಗೂಡಿ ಮ್ಯಾಲ ಬೀಳ್ತಾವ. ಮೊದಲ್ನೆ ಸಲ ತಗದ ನೀರಾಗ ಅವು ಭಾಳ ಕಾಣಲಿಲ್ಲ. ಹಂಗಾರ ವೈರಿನೂ ಇಲ್ಲ ಅಂತ ನಾ ತಪ್ಪು ತಿಳಕೊಂಡೆ. ಒಂದು ಬೂಷ್ಟು ಐತಿ, ರೊಟ್ಟಿಗೆ ಹಿಡೀತೈತಲ್ಲ, ಅದರ ಪೈಕಿ. ಮೈತುಂಬ ಲೋಳಿ ಹೊದಿಕಿ ಹೊದ್ದಿರತೈತಿ. ಎದುರಿಗೇ ಇದ್ರೂ ಬಿಳಿ ಕಣಕ್ಕ ಗುರುತು ಹತ್ತೂದಿಲ್ಲ. ಅದು ಮಿದುಳಿಗೆ ಹೊಕ್ಕೈತೇನೋ, ಮತ್ತ ನೀರು ತಗದು ನೋಡಬೇಕು."

ರಂಗವ್ವನಿಗೆ ಹಾಸಿಗೆ ಹಿಡಿಯುವ ಮುಂಚೆ ಗಂಡ ಮಾಡಿದ ಕಡೆಯ ಕೆಲಸ ನೆನಪಾಯಿತು. ಒಂದು ಕುರಿಯ ಮರಿ ಸತ್ತಿತ್ತು. ಅದರ ತೊಗಲು ಸುಲಿದು, ತಾಯಿ ಸತ್ತ ಇನ್ನೊಂದು ಮರಿಗೆ ಅಂಗಿಯಂತೆ ತೊಡಿಸಿದ್ದ. ಕುರಿ ಮೂಸಿ ನೋಡಿ, ತನ್ನದೇ ಎಂದು ಮೊಲೆ ಕೊಟ್ಟಿತ್ತು.

"ಅತ್ತಿ, ಅದು ತೊಗಲು ಹೊದ್ದು ಹೊಕ್ಕೈತಿ," ಎಂದಳು. "ಇವರ ಮೈ ಅದಕ್ಕ ಹಾಲು ಕುಡಸಾಕತ್ತೈತಿ."

ಸತ್ಯವ್ವ ಮಗನ ಮುಖ ನೋಡಿದಳು. ಆ ಕೆಲಸ ಅವನಿಗೆ ಕಲಿಸಿದವಳು ಅವಳೇ. "ಭಾಳ ದಿನಾ ಆದ್ರ, ತೊಗಲು ತಗದ ಮ್ಯಾಲೂ ಕುರಿ ಮರೀನ ಬಿಡಂಗಿಲ್ಲಲ್ಲವಾ," ಎಂದಳು.

"ಅದಕ್ಕ ಅವಸರ ಮಾಡಾಕತ್ತೇನಿ, ಯವ್ವ," ಎಂದರು ಡಾಕ್ಟರು.

ಮುದುಕಿ ಎದ್ದಳು. ಸೂಜಿ ಇಳಿಯುವಾಗ ಮಗನನ್ನು ಬಾಗಿಸಿ ಹಿಡಿದವಳೂ ಅವಳೇ.

ಡಾಕ್ಟರು ಆ ನೀರಿಗೆ ತೊಟ್ಟು ಕಪ್ಪು ಮಸಿ ಬೆರೆಸಿ ಸೂಕ್ಷ್ಮದರ್ಶಕದ ಅಡಿ ಇಟ್ಟರು. ರಂಗವ್ವ ಅವರ ಬೆನ್ನನ್ನೇ ನೋಡುತ್ತ ನಿಂತಳು.

"ಸಿಕ್ತು," ಎಂದರು ಕೊನೆಗೆ. ಹೊದಿಕೆಯೊಳಗೆ ಮಸಿ ಇಳಿಯಲಾರದೆ, ಬೂಷ್ಟಿನ ಒಂದೊಂದು ಕಣದ ಸುತ್ತ ಬೆಳ್ಳನೆಯ ಬಳೆ ಉಳಿದಿತ್ತು.

ಹುಬ್ಬಳ್ಳಿಯಿಂದ ತರಿಸಿದ ಔಷಧಿ ನರಕ್ಕೆ ಹೋದಾಗಲೆಲ್ಲ ಮಾಳಪ್ಪ ಗಡಗಡ ನಡುಗಿದ. ಅತ್ತೆ ಸೊಸೆ ಕಂಬಳಿ ಹೊದಿಸಿ ಅಮುಕಿ ಹಿಡಿದರು. ದಿನಗಳು ಹಾಗೇ ಹೋದವು. ಅವನು ಹೆಂಡತಿಯನ್ನು ಗೋಡೆ ನೋಡಿದಂತೆ ನೋಡುತ್ತಿದ್ದ, ಅವಳು ದಿನವೂ ಒಳಗೊಳಗೇ ಸಾಯುತ್ತಿದ್ದಳು.

ಒಂದು ಮುಂಜಾನೆ, ಮುಖ ಒರೆಸುತ್ತಿದ್ದ ರಂಗವ್ವನ ಕೈಯನ್ನು ಅವನು ತಡೆದು ಹಿಡಿದ. ಮೂಗಿನ ಹತ್ತಿರ ತಂದು ಮೆಲ್ಲಗೆ ಮೂಸಿದ.

"ರಂಗಿ," ಎಂದ, "ಆ ತಬ್ಬಲಿ ಮರಿ ಹಾಲು ಕುಡಿಯಾಕತ್ತೈತೇನು?"

"ಹೂಂ," ಎಂದು ರಂಗವ್ವ ಆ ಕೈಯನ್ನು ಅವನ ಕೆನ್ನೆಗೆ ಒತ್ತಿ ಹಿಡಿದಳು.