ನಾಲ್ಕು ಬೆರಳಿನ ಹಿಡಿ

ಅಡಿವೆಪ್ಪ ಇಕ್ಕಳದಲ್ಲಿ ನನ್ನ ಹಿಡಿಯನ್ನು ಎಳೆಯುತ್ತಿದ್ದ. ಅದು ಬರಲಿಲ್ಲ. ಸುತ್ತಿಗೆಯಿಂದ ಎರಡು ಏಟು ಹಾಕಿದ. ಗೆದ್ದಲು ತಿಂದ ಕಟ್ಟಿಗೆ ಪುಡಿಯಾಗಿ ಅವನ ತೊಡೆಯ ಮೇಲೆ ಉದುರಿತು. ಒಳಗಿದ್ದ ನನ್ನ ಬಾಲ ಬಯಲಾಯಿತು, ತುಕ್ಕು ಹಿಡಿದು ಮೊಂಡಾಗಿ. ನನಗೆ ನಾಚಿಕೆಯಾಯಿತು. ಹುಟ್ಟಿದ ದಿನದಿಂದ ಯಾರೂ ನೋಡದ ಭಾಗ ಅದು.

ನಾನೊಂದು ರಂಪಿಗೆ, ತೊಗಲು ಕೊಯ್ಯುವ ಚಾಕು. ಬಾಯಿ ಅಗಲ, ಹಿಡಿ ಗಿಡ್ಡ. ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯಿಂದ ಅಥಣಿಯ ಕಮ್ಮಾರನೊಬ್ಬ ನನ್ನನ್ನು ಬಡಿದು ಮಾಡಿದ. ಅದಕ್ಕೆ ಮೊದಲು ಭಾರ ಹೊರುತ್ತಿದ್ದೆ, ಆಮೇಲೆ ಕೊಯ್ಯತೊಡಗಿದೆ. ಎರಡನ್ನೂ ನನ್ನನ್ನು ಕೇಳಿ ಮಾಡಲಿಲ್ಲ.

ನನ್ನನ್ನು ಮೊದಲು ಹಿಡಿದವನು ಅಡಿವೆಪ್ಪನ ಅಪ್ಪ ಭರಮಪ್ಪ. ಚಪ್ಪಲಿ ಮಾಡುವವನು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವನ ಗದ್ದ, ಮೂಗಿನ ತುದಿಯ ಬೆವರು, ಮತ್ತು ಹೆಬ್ಬೆರಳು. ತೊಗಲು ಕೊಯ್ಯುವಾಗ ಅಂಗೈ ನೂಕುತ್ತದೆ, ದಾರಿ ಹೇಳುವುದು ಹೆಬ್ಬೆರಳು. ಅವನ ಇಬ್ಬರು ಮಕ್ಕಳೂ ನನ್ನಿಂದಲೇ ಕಲಿತರು. ಹಿರಿಯ ಲಗಮಣ್ಣ ಒಂದು ಗೆರೆಯನ್ನು ಒಂದೇ ಸಲ ಕೊಯ್ಯುತ್ತಿದ್ದ. ಅಡಿವೆಪ್ಪನಿಗೆ ಎರಡು ಸಲ ಬೇಕಾಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು.

ಭರಮಪ್ಪ ಸತ್ತ ಮೇಲೆ ಮನೆ ಪಾಲಾಯಿತು. ತೊಗಲು, ಉಳಿ, ಸುತ್ತಿಗೆ ಎಲ್ಲ ಎರಡಾದವು. ತೊಗಲು ಬಡಿಯುವ ಹುಣಸೆ ಕೊರಡನ್ನೂ ಗರಗಸದಿಂದ ಸೀಳಿ ಅರ್ಧರ್ಧ ಹಂಚಿಕೊಂಡರು. ಅರ್ಧ ಕೊರಡು ನೆಟ್ಟಗೆ ನಿಲ್ಲುವುದಿಲ್ಲ ಎಂದು ಪಾಲು ಮಾಡಿಸಲು ಬಂದ ಊರ ಹಿರಿಯರಿಗೂ ಹೊಳೆಯಲಿಲ್ಲ. ಕೊನೆಗೆ ಉಳಿದವನು ನಾನು.

"ಅಪ್ಪನ ರಂಪಿಗಿ ಹಿರೇ ಮಗಗ," ಎಂದ ಲಗಮಣ್ಣ.

"ಹಿರ‍್ಯಾಂವ ಅಂತ ಎಲ್ಲಾ ನಿನಗ ಏನು?"

ಹಿಡಿ ಅಡಿವೆಪ್ಪನ ಕೈಯಲ್ಲಿತ್ತು, ಬಾಯಿ ಲಗಮಣ್ಣನ ಕೈಯಲ್ಲಿ. ಆ ಬೆಳಿಗ್ಗೆ ಲಗಮಣ್ಣನೇ ನನ್ನನ್ನು ಮಸೆದಿದ್ದ. ಅಡಿವೆಪ್ಪ ಎಳೆದ. ನನಗೆ ಬರುವುದು ಒಂದೇ ಕೆಲಸ. ಲಗಮಣ್ಣನ ಹೆಬ್ಬೆರಳಿನ ನರ ತುಂಡಾಯಿತು. ಬೆರಳು ಉಳಿಯಿತು. ಅದು ಮತ್ತೆಂದೂ ಬಾಗಲಿಲ್ಲ.

ಅಡಿವೆಪ್ಪ ನನ್ನನ್ನು ತೊಳೆಯದೆ ಜಂತಿಯ ಸಂದಿಗೆ ತುರುಕಿದ. ಒಂಬತ್ತು ಮಳೆಗಾಲ ಅಲ್ಲಿದ್ದೆ. ಕೆಳಗೆ ಬರುವ ಮಾತಿನಿಂದ ತಿಳಿಯುತ್ತಿತ್ತು: ಲಗಮಣ್ಣ ಬಸ್ ನಿಲ್ದಾಣದ ಹತ್ತಿರ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುತ್ತಾನೆ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಈ ವರ್ಷ ಮಾಳಿಗೆ ರಿಪೇರಿ ಮಾಡುವಾಗ ಕೆಳಗೆ ಬಿದ್ದೆ. ಅಡಿವೆಪ್ಪ ನನ್ನನ್ನು ಎತ್ತಿಕೊಂಡ. ಇಕ್ಕಳದಿಂದ ಹಳೆಯ ಹಿಡಿ ಕಿತ್ತ ಮೇಲೆ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದ. ಇಟ್ಟಿಗೆ ಪುಡಿಯಿಂದ ಉಜ್ಜಿದ. ಕೆಂಪು ನೀರು ಹರಿಯಿತು. ಅದರಲ್ಲಿ ಮಳೆ ಎಷ್ಟು, ಲಗಮಣ್ಣ ಎಷ್ಟು, ನನಗೂ ಗೊತ್ತಾಗಲಿಲ್ಲ. ಸಾಣೆಕಲ್ಲಿನ ಮೇಲೆ ನನ್ನ ಬಾಯಿ ಅರ್ಧ ಬೆರಳಿನಷ್ಟು ಸವೆದುಹೋಯಿತು. ಅಂದು ಕೊಯ್ದ ಅಲಗು ಈಗ ಪುಡಿಯಾಗಿ ಬಚ್ಚಲಿನಲ್ಲಿದೆ. ಹಾಗಾದರೆ ಕೊಯ್ದವನು ನಾನಲ್ಲ. ಹಾಗೆ ಹೇಳಿಕೊಂಡು ನೋಡಿದೆ. ನನಗೇ ನಂಬಿಕೆ ಬರಲಿಲ್ಲ.

ತನ್ನ ಪಾಲಿನ ಅರ್ಧ ಕೊರಡಿನಿಂದ ಅವನು ಹೊಸ ಹಿಡಿ ಕೆತ್ತಿದ. ಎರಡು ತಿಂಗಳು ಹಿಡಿಯಿತು. ದಿನಾ ಸಂಜೆ ಬಸ್ ನಿಲ್ದಾಣದ ಚಹಾದ ಅಂಗಡಿಯ ಮೂಲೆಯಲ್ಲಿ ಕುಳಿತು, ಎದುರಿನ ಬೆಂಚಿನಲ್ಲಿ ಅಣ್ಣ ಗ್ಲಾಸು ಹಿಡಿಯುವುದನ್ನು ನೋಡಿ ಬರುತ್ತಿದ್ದ. ಮನೆಗೆ ಬಂದು ತನ್ನ ಹೆಬ್ಬೆರಳನ್ನು ಬಾಗದಂತೆ ದಾರದಿಂದ ಅಂಗೈ ಬದಿಗೆ ಕಟ್ಟಿಕೊಂಡು ಆ ಹಿಡಿಯನ್ನು ಹಿಡಿದು ನೋಡುತ್ತಿದ್ದ. ಜಾರಿದಲ್ಲಿ ಮತ್ತೆ ಅರದಿಂದ ಉಜ್ಜುತ್ತಿದ್ದ.

"ಹೆಬ್ಬಟ್ಟ ಕಟ್ಕೊಂಡ ಏನ ಆಟಾ ಹಚ್ಚೀರಿ?" ಎಂದಳು ಅವನ ಹೆಂಡತಿ ಕಾಶವ್ವ. "ನಾಳೆ ಮೂಗ ಕಟ್ಕೊಂಡ ಉಸರಾಡ್ರಿ."

"ಸುಮ್ನಿರ."

"ಒಂಬತ್ತ ವರ್ಷ ಸುಮ್ನ ಇದ್ದಾವರು ನೀವು. ನನಗ್ಯಾಕ ಹೇಳ್ತೀರಿ?"

ಕೊನೆಗೆ ನನ್ನ ಬಾಯಿಗೆ ಒದ್ದೆ ಬಟ್ಟೆ ಸುತ್ತಿದ, ಹದ ಕೆಡಬಾರದೆಂದು. ಬಾಲವನ್ನು ಕೆಂಪಗೆ ಕಾಯಿಸಿ ಕಟ್ಟಿಗೆಗೆ ಇಳಿಸಿದ. ಹುಣಸೆ ಸುಟ್ಟ ವಾಸನೆ ಮನೆ ತುಂಬಿತು. ಸಂದಿಗೆ ಅರಗು ತುಂಬಿ, ಹಿಡಿಗೆ ಕುಸುಬೆ ಎಣ್ಣೆ ಸವರಿದ. ಒಂದು ಕಡೆ ನಾಲ್ಕು ಬೆರಳಿಗೆ ನಾಲ್ಕು ತಗ್ಗು. ಇನ್ನೊಂದು ಕಡೆ ಅಂಗೈ ಒರಗುವ ಉಬ್ಬು. ಹೆಬ್ಬೆರಳಿಗೆ ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನನ್ನೂ ಒಂದು ತುಂಡು ತೊಗಲನ್ನೂ ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಅಣ್ಣನ ಮನೆಗೆ ಹೋದ. ಲಗಮಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಅಡಿವೆಪ್ಪ ಬಟ್ಟೆ ಬಿಚ್ಚಿ ಎದುರಿಗಿಟ್ಟ.

ಲಗಮಣ್ಣ ನನ್ನನ್ನು ಗುರುತು ಹಿಡಿದ. ಕೈಗೆ ತೆಗೆದುಕೊಂಡ. ನಾಲ್ಕು ಬೆರಳು ನಾಲ್ಕು ತಗ್ಗಿನಲ್ಲಿ ಕುಳಿತವು. ಸತ್ತ ಹೆಬ್ಬೆರಳು ಹೊರಗೆ ಉಳಿಯಿತು, ಯಾರ ದಾರಿಗೂ ಅಡ್ಡ ಬರದೆ. ತೊಗಲಿನ ಮೇಲೆ ನನ್ನನ್ನು ನೂಕಿದ. ನಾನು ಎಲ್ಲೂ ಜಾರಲಿಲ್ಲ. ಅವನ ಹೆಂಡತಿ ಗೌರವ್ವ ಬಾಗಿಲಿಗೆ ಬಂದು ನಿಂತಳು.

"ನನ್ನ ಕೈ ಹಿಂಗ ಕೂಡ್ತೈತಿ ಅಂತ ನಿನಗ ಹೆಂಗ ಗೊತ್ತಾತು?" ಎಂದ ಲಗಮಣ್ಣ ತಮ್ಮನಿಗೆ.

"ಚಾದಂಗಡ್ಯಾಗ ನೋಡಿದ್ನಿ, ಅಣ್ಣಾ. ನೀ ಗ್ಲಾಸ ಹಿಡಿಯೂದು."

"ಎಷ್ಟ ದಿನ?"

"ಎರಡ ತಿಂಗಳ."

"ಎರಡ ತಿಂಗಳ ಕೈ ನೋಡಿದಿ," ಎಂದ ಲಗಮಣ್ಣ. "ಒಮ್ಮೆರ ಎದ್ದ ಬಂದ ಮಾರಿ ನೋಡ್ಲಿಲ್ಲ."

ಅಡಿವೆಪ್ಪನ ಕಾಲ ಬೆರಳು ನೆಲ ಕೆರೆಯುತ್ತಿತ್ತು. "ಅಂಜಿಕಿ ಬಂತಣ್ಣಾ. ಈಗ ಬಂದೀನಲ್ಲ. ಇದನ್ನ ತಗೋ. ಮತ್ತ ಕೆಲಸಕ್ಕ ಕೂಡು. ತೊಗಲ ನಾ ತಂದ ಕೊಡ್ತೀನಿ."

"ತಗೋರಿ," ಎಂದಳು ಗೌರವ್ವ ಮೆಲ್ಲಗೆ. "ಹಿಡಿ ಭಾಳ ಛಲೋ ಮಾಡ್ಯಾನ."

"ಹೌದು. ಛಲೋ ಮಾಡ್ಯಾನ."

ಲಗಮಣ್ಣ ನನ್ನನ್ನು ಬಟ್ಟೆಯ ಮೇಲಿಟ್ಟ. ಹಿಡಿ ತಮ್ಮನ ಕಡೆ ಬರುವಂತೆ ತಿರುಗಿಸಿದ.

"ನನಗ ಬ್ಯಾಡ. ಒಯ್ಯಿ."