ಗಾಜಿನ ಕೋಣೆಗೆ ಸೊನ್ನೆ

ಮಾದರಿಯನ್ನು ಮೂರನೇ ಸಲ ಓಡಿಸಿದರೂ, ಪ್ರಯೋಗಾಲಯಗಳಿಗೆ ಗಾಜಿನ ಉಪಕರಣ ಊದಿಕೊಡುವ ಗಾಜಿನ ಕೋಣೆಗೆ ಸೊನ್ನೆ ಅಂಕವೇ ಬಂತು. ಯಾವ ಪ್ರಯೋಗಾಲಯ ಉಳಿಯಬೇಕು, ಯಾವುದನ್ನು ಮುಚ್ಚಬೇಕು ಎಂದು ವಿಜ್ಞಾನ ಇಲಾಖೆಗೆ ಹೇಳಲು, ಅಲ್ಲಿನ ವಿಶ್ಲೇಷಕಿಯಾದ ಅವಳೇ ಕಟ್ಟಿದ ಕಂಪ್ಯೂಟರ್ ಮಾದರಿ ಅದು. ಇಪ್ಪತ್ತು ವರ್ಷಗಳ ಸಂಶೋಧನಾ ಲೇಖನಗಳನ್ನು ಅರೆದು ಕುಡಿದಿತ್ತು. ಗಾಜು ಊದುವವರು ಲೇಖನ ಬರೆಯುವುದಿಲ್ಲ. ಅಲ್ಲಿಗೆ ಅವರ ಕಥೆ ಮುಗಿಯಿತು. ಮರುದಿನ ಇದನ್ನು ತೀರ್ಮಾನಿಸುವ ಸಮಿತಿಯ ಸಭೆ.

ಹೇಳದೆ ಕೇಳದೆ ಮುಚ್ಚಿಸುವುದಕ್ಕೆ ಮನಸ್ಸೊಪ್ಪದೆ ಕೆಳಮಹಡಿಯ ಗಾಜಿನ ಕೋಣೆಗೆ ಇಳಿದಳು. ಎಲ್ಲರೂ ಗಾಜಿನ ಮಾವ ಎಂದೇ ಕರೆಯುವ ಕೆಲಸಗಾರರು ಉರಿಯ ಮುಂದೆ ಸುರುಳಿ ಕೊಳವೆಯೊಂದನ್ನು ತಿರುಗಿಸುತ್ತಿದ್ದರು. ತಡವರಿಸುತ್ತಲೇ ವಿಷಯ ಹೇಳಿದಳು.

"ನಿನ್ನ ಯಂತ್ರ ಸುಳ್ಳು ಹೇಳಿಲ್ಲ ಬಿಡಮ್ಮ," ಎಂದರು ಮಾವ. "ನಾನು ಒಂದು ಸಾಲೂ ಬರೆದಿಲ್ಲ. ಬರೆದವರು ಕೊನೇಲಿ ನಂಗೆ ಥ್ಯಾಂಕ್ಸ್ ಅಂತ ಹಾಕ್ತಾರಂತೆ. ನಾನೇನು ನೋಡೋಕೆ ಹೋಗಿಲ್ಲ."

ಲೇಖನದ ಕೊನೆಯ ಕೃತಜ್ಞತೆಯ ಸಾಲುಗಳು! ಮಾದರಿಗೆ ಉಣಿಸುವ ಮೊದಲು ಆ ಭಾಗವನ್ನು ಕತ್ತರಿಸಿ ಹಾಕಿದ್ದು ಅವಳೇ. ಹೆಂಡತಿಗೆ, ಅಪ್ಪನಿಗೆ, ಕಾಫಿ ಮಾಡಿಕೊಟ್ಟವರಿಗೆ ಹೇಳುವ ಉಪಚಾರದ ಮಾತು, ಮಾದರಿಗೆ ಬರೀ ಕಸ ಎಂದುಕೊಂಡಿದ್ದಳು. ಮಹಾ ಬುದ್ಧಿವಂತೆ!

ಮೇಲೆ ಓಡಿ ಆ ಕಸವನ್ನೆಲ್ಲ ವಾಪಸು ಸೇರಿಸಿದಳು. ಸಂಜೆಯ ಹೊತ್ತಿಗೆ ಪರದೆ ತುಂಬ ಗೆರೆಗಳು. ರಕ್ತಪರೀಕ್ಷೆಯವರು, ಮಣ್ಣಿನವರು, ಬ್ಯಾಟರಿಯವರು ಬರೆದ ನಾನೂರ ಹನ್ನೆರಡು ಲೇಖನಗಳಿಂದ ಹೊರಟ ಗೆರೆಗಳು ಗಾಜಿನ ಕೋಣೆಯ ಒಂದೇ ಚುಕ್ಕೆಗೆ ಬಂದು ಸೇರಿದ್ದವು. ಆ ಚುಕ್ಕೆ ತೆಗೆದರೆ ಏನಾಗುತ್ತದೆ ಎಂದು ಮಾದರಿಯನ್ನೇ ಕೇಳಿದಳು. ಪರದೆಯ ಮೇಲೆ ಒಂಬತ್ತು ಪ್ರಯೋಗಾಲಯಗಳು ಕುಂಟತೊಡಗಿದವು.

ಮರುದಿನ ಸಭೆಯಲ್ಲಿ ತಪ್ಪು ತನ್ನದೆಂದು ಮೊದಲೇ ಒಪ್ಪಿಕೊಂಡಳು. ಸಮಿತಿಯ ಅಧ್ಯಕ್ಷೆ ಕನ್ನಡಕ ಏರಿಸಿ ಆ ಗೆರೆಗಳ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದನ್ನಾ ನಾವು ಮುಚ್ಚೋಕೆ ಹೊರಟಿದ್ದು? ದೇವರೇ!"

ಗಾಜಿನ ಕೋಣೆ ಉಳಿಯಿತು.

ಸುದ್ದಿ ಹೇಳಲು ಹೋಗುವಾಗ ಆ ಸಾಲುಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋದಳು.

"ದೊಡ್ಡ ಉಪಕಾರ ಮಾಡಿದೆಯಮ್ಮ," ಎಂದರು ಮಾವ.

"ಉಪಕಾರ ನಿಮ್ದು ಮಾವ. ನೀವು ಬಾಯಿಬಿಡದಿದ್ರೆ ನಾನೇ ಕೈಯಾರೆ ಬೀಗ ಹಾಕ್ತಿದ್ದೆ." ಯಾರ ಋಣವೂ ಅವಳಿಗೆ ಇಷ್ಟು ದೊಡ್ಡದೆನ್ನಿಸಿರಲಿಲ್ಲ.

ಮೊದಲ ಹಾಳೆ ಎತ್ತಿ ಓದಿದಳು: "ರಜೆಯ ದಿನವೂ ಬಂದು, ಒಡೆದ ಕೊಳವೆಯನ್ನು ನಗುನಗುತ್ತಲೇ ಮತ್ತೆ ಊದಿಕೊಟ್ಟ ನಮ್ಮ ಗಾಜಿನ ಮಾವನಿಗೆ ಧನ್ಯವಾದಗಳು."

ಮಾವ ಕೈ ಒರೆಸಿಕೊಂಡು ಸ್ಟೂಲನ್ನು ಹತ್ತಿರಕ್ಕೆ ಎಳೆದು ಕೂತರು.

"ಇನ್ನೊಂದ್ಸಲ ಓದಮ್ಮ."

ಅವಳು ಅದೇ ಸಾಲನ್ನು ನಿಧಾನವಾಗಿ ಮತ್ತೆ ಓದಿದಳು. ಇನ್ನೂ ಮೂವತ್ತು ಹಾಳೆಗಳು ಕೈಯಲ್ಲಿದ್ದವು.